ಗುಬ್ಬಿ ಯಾರ ಕಡೆ?

ನನ್ನ ತಮ್ಮನ ಮನೆಯ ಮುಂದಿನ ಕೋಣೆಯೇ ಲಾಂಡ್ರಿ. ಬಾಗಿಲು ದಾಟಿದರೆ ಸೋಪಿನ ವಾಸನೆ, ಹಬೆ, ಗೋಡೆಯುದ್ದಕ್ಕೂ ಕಪಾಟು. ಅವನ ಹೆಂಡತಿ ಒಗೆದು ಒಣಗಿಸುತ್ತಿದ್ದಳು, ಅವನು ಇಸ್ತ್ರಿ ಮಾಡುತ್ತಿದ್ದ. ಯಾರ ಬಟ್ಟೆ ಯಾವುದೆಂದು ತಿಳಿಯಲು ಕಾಲರಿನ ಒಳಗೆ ಒಂದು ಗುರುತು: ಒಬ್ಬರಿಗೆ ಚುಕ್ಕೆ, ಒಬ್ಬರಿಗೆ ಗೀಟು. ಶಾಲೆಯಿಂದ ಬಂದ ಕೂಡಲೇ ಆ ಗುರುತು ಹಾಕಲು ಅವರ ಮಗಳಿಗೆ ಎಲ್ಲಿಲ್ಲದ ಹುರುಪು. ಅವಳನ್ನು ನಾವೆಲ್ಲ ಗುಬ್ಬಿ ಅನ್ನುತ್ತಿದ್ದೆವು, ಏಕೆಂದರೆ ಅವಳ ಬಾಯಿಗೆ ಬಿಡುವೇ ಇರಲಿಲ್ಲ. ಗುರುತು ಅಳಿಸಿಹೋಗಿ, ಯಾರೂ ಬಿಡಿಸಿಕೊಂಡು ಹೋಗದ ಬಟ್ಟೆಗಳು ಕೆಳಗಿನ ಕಪಾಟಿನಲ್ಲಿ ಬಿದ್ದಿರುತ್ತಿದ್ದವು.

ಗಂಡ ಹೆಂಡಿರ ನಡುವೆ ಏನಾಯಿತೆಂದು ಕೇಳಬೇಡಿ. ಕುಡಿತವಿರಲಿಲ್ಲ, ಹೊಡೆತವಿರಲಿಲ್ಲ. ಮಾತು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಕೋರ್ಟಿನಲ್ಲಿ ಮದುವೆ ಮುರಿದ ದಿನವೂ ಇಬ್ಬರೂ ವಾಪಸ್ ಬಂದು ಅಂಗಡಿ ತೆರೆದರು. ಅವನು ಇಸ್ತ್ರಿ ಕಾಯಿಸಿದ, ಅವಳು ಬಕೆಟ್ಟಿಗೆ ನೀರು ತುಂಬಿದಳು.

ಮಗು ಮತ್ತು ಮನೆಯ ವಿಷಯ ಮಾತ್ರ ಕೋರ್ಟಿಗೆ ಬೇಡ ಎಂದು ನಮ್ಮ ದೊಡ್ಡಪ್ಪ ಪಟ್ಟು ಹಿಡಿದರು. ನಮ್ಮ ಕುಟುಂಬದಲ್ಲಿ ಅದಕ್ಕೊಂದು ಪದ್ಧತಿಯಿದೆಯಂತೆ.

"ಮಗೂನ ನಡುವೆ ನಿಲ್ಲಿಸೋದು. ಅದು ಯಾರ ಕೈ ಹಿಡಿಯುತ್ತೋ ಮಗು ಅವರದು. ಮಗು ಇರೋ ಕಡೆಗೇ ಮನೆ, ಅಂಗಡಿ ಎಲ್ಲ."

"ಎಂಟು ವರ್ಷದ ಮಗು ದೊಡ್ಡಪ್ಪ. ಅದರ ತಲೆ ಮೇಲೆ ಮನೆ ಹೊರಿಸ್ತೀರಾ?" ಎಂದೆ.

"ನೀನು ನರ್ಸು. ನಿನ್ನ ಬುದ್ಧಿ ಆಸ್ಪತ್ರೇಲಿ ಇರ್ಲಿ. ನಾವು ಹೇಳಿದ್ರೆ ಒಬ್ಬರಿಗೆ ಬೇಜಾರು. ಮಗುವೇ ಹೇಳಿದ್ರೆ ಯಾರೂ ತುಟಿ ಪಿಟಕ್ ಅನ್ನಲ್ಲ."

ನೋಡಿ, ಹಿರಿಯರ ಜಾಣತನ! ತಮ್ಮ ಕೈ ತೊಳೆದುಕೊಳ್ಳಲು ಮಗುವಿನ ಬಾಯಿ ಬೇಕು. ನನಗೆ ಮೈಯೆಲ್ಲ ಉರಿಯಿತು.

ಅಲ್ಲಿಂದ ಗುಬ್ಬಿಗೆ ಎಲ್ಲಿಲ್ಲದ ಉಪಚಾರ. ಅವಳ ಸೋದರಮಾವ ಸೈಕಲ್ ತಂದ. ದೊಡ್ಡಪ್ಪ ಕಣ್ಣು ಮಿಟುಕಿಸುವ ಗೊಂಬೆ ತಂದರು. ಕೊಟ್ಟವರೆಲ್ಲ ಬಗ್ಗಿ ಕಿವಿಯಲ್ಲಿ ಕೇಳುವುದು ಒಂದೇ: "ಯಾರ ಕೈ ಹಿಡೀತೀಯ ಪುಟ್ಟಿ?" ನನ್ನ ತಮ್ಮ ಇಸ್ತ್ರಿ ಮಾಡುತ್ತಲೇ, "ನೀನು ಆ ಕಡೆ ಹೋದ್ರೆ ಅಪ್ಪ ಬೀದಿಗೆ ಬೀಳ್ತಾನೆ ಕಣಮ್ಮಾ" ಎಂದ. ಅವನ ಹೆಂಡತಿ ಮಗಳ ತಲೆ ಬಾಚುತ್ತ, "ಅಮ್ಮಂಗೆ ಬೇರೆ ಮನೆ ಇಲ್ಲ ಗುಬ್ಬಿ" ಎಂದಳು. ಇಬ್ಬರೂ ಕೆಟ್ಟವರಲ್ಲ. ಇಬ್ಬರೂ ಹೇಳಿದ್ದು ನಿಜವೇ.

ಗುಬ್ಬಿ ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ತಟ್ಟೆಗೆ ಹಾಕಿದ್ದನ್ನು ತಿಂದಳು, ಮಲಗು ಅಂದರೆ ಮಲಗಿದಳು. ಸೈಕಲ್ಲನ್ನು ಮುಟ್ಟಲಿಲ್ಲ. ಒಂದು ಸಂಜೆ ಗುರುತು ಹಾಕಲು ಕೂತವಳು ಎಲ್ಲ ಬಟ್ಟೆಗೂ ಚುಕ್ಕೆಯನ್ನೂ ಹಾಕಿದಳು, ಗೀಟನ್ನೂ ಹಾಕಿದಳು. ಯಾರ ಅಂಗಿ ಯಾರಿಗೋ ಹೋಗಿ ಗಿರಾಕಿಗಳು ಕೂಗಾಡಿದರು. ಅಪ್ಪ ಅಮ್ಮ ಇಬ್ಬರೂ ಬಯ್ಯಲಿಲ್ಲ. ಬೈದರೆ ಮಗು ಆ ಕಡೆ ವಾಲುತ್ತದೆಂಬ ಭಯ.

ಕೊನೆಗೆ ಆ ದಿನ ಬಂತು. ಇಸ್ತ್ರಿ ಮೇಜನ್ನು ಗೋಡೆಗೆ ಸರಿಸಿ, ಕೋಣೆಯ ತುಂಬ ಕುರ್ಚಿ ಹಾಕಿದ್ದರು. ಒಂದು ಗೋಡೆಗೆ ನನ್ನ ತಮ್ಮ, ಎದುರು ಗೋಡೆಗೆ ಅವನ ಹೆಂಡತಿ. ನಡುವೆ ಖಾಲಿ ನೆಲ.

"ಎಲ್ಲಿ, ಕರೀರಿ ಮಗೂನ" ಎಂದರು ದೊಡ್ಡಪ್ಪ.

ಮಗು ಇರಲಿಲ್ಲ. ಮಹಡಿ, ಹಿತ್ತಲು, ಬಚ್ಚಲು ಎಲ್ಲ ಹುಡುಕಿದೆವು. ನನ್ನ ಕಣ್ಣಿಗೆ ಬಿದ್ದದ್ದು ಕೆಳಗಿನ ಕಪಾಟಿನಿಂದ ಚಾಚಿದ್ದ ಒಂದು ಪುಟ್ಟ ಕಾಲು. ಯಾರೂ ಬಿಡಿಸಿಕೊಂಡು ಹೋಗದ ಬಟ್ಟೆಗಳ ನಡುವೆ ಮುದುರಿಕೊಂಡು ಕೂತಿದ್ದಳು.

"ಹೊರಗೆ ಬಾ ಚಿನ್ನ."

"ಇಲ್ಲೇ ಇರ್ತೀನಿ ಅತ್ತೆ. ನನ್ನ ಯಾರೂ ಬಿಡಿಸ್ಕೊಂಡು ಹೋಗೋದು ಬೇಡ."

ದನಿಯಲ್ಲಿ ಹಟವಿರಲಿಲ್ಲ, ದುಃಖವಿರಲಿಲ್ಲ. ಏನೂ ಇರಲಿಲ್ಲ.

"ಎಳ್ಕೊಂಡು ಬಾ ಅದನ್ನ, ಹೊತ್ತಾಯ್ತು" ಎಂದರು ದೊಡ್ಡಪ್ಪ. ನಾನು ಕಪಾಟಿಗೆ ಅಡ್ಡ ನಿಂತು, "ತರಲ್ಲ" ಎಂದೆ. ಕೋಣೆಯಲ್ಲಿ ಗುಸುಗುಸು ಎದ್ದಿತು.

ಆಗ ತಮ್ಮನ ಹೆಂಡತಿ ಎದ್ದು ನಿಂತಳು.

"ಅವಳನ್ನ ಯಾರೂ ಕೇಳೋ ಹಾಗಿಲ್ಲ. ಮನೆ ನಾವಿಬ್ರೂ ದುಡಿದು ಕಟ್ಟಿದ್ದು. ಕೋರ್ಟಲ್ಲೇ ಭಾಗ ಆಗ್ಲಿ. ಅರ್ಧ ಅವರದು, ಅರ್ಧ ನಂದು. ಮಗಳಿಗೆ ಅಪ್ಪನೂ ಇರ್ಲಿ, ಅಮ್ಮನೂ ಇರ್ಲಿ."

ಅವಳ ಅಣ್ಣ ಕೈ ಹಿಡಿದು ಕೂರಿಸಲು ನೋಡಿದ. "ತಲೆ ಕೆಟ್ಟಿದ್ಯೇನೇ? ಮಗು ನಿನ್ನ ಕೈನೇ ಹಿಡಿಯೋದು. ಪೂರ್ತಿ ಸಿಗೋದನ್ನ ಅರ್ಧ ಮಾಡ್ಕೋತೀಯಾ?"

"ನನ್ನ ಕೈನೇ ಹಿಡೀತಾಳೆ, ಗೊತ್ತು ಅಣ್ಣ. ಆಮೇಲೆ ಅಪ್ಪನ್ನ ಬೀದಿಗೆ ಹಾಕಿದವಳು ತಾನೇ ಅಂತ ಬದುಕಿರೋವರೆಗೂ ಅಂದ್ಕೋತಾಳೆ. ಅದಕ್ಕೇ ಬೇಡ."

ನನ್ನ ತಮ್ಮ ತಲೆ ಎತ್ತಲಿಲ್ಲ. "ಅವಳು ಹೇಳಿದ ಹಾಗೇ ಆಗ್ಲಿ" ಎಂದ. ಎಷ್ಟೋ ತಿಂಗಳ ಮೇಲೆ ಅವನು ಅವಳ ಮಾತಿಗೆ ಕೊಟ್ಟ ಮೊದಲ ಉತ್ತರ ಅದು. ದೊಡ್ಡಪ್ಪ ಚಪ್ಪಲಿ ಮೆಟ್ಟಿ ಹೊರಟುಹೋದರು. ಅಂದಿನಿಂದ ನನ್ನ ಜೊತೆ ಮಾತಿಲ್ಲ. ನನಗಂತೂ ಅದು ಲಾಭವೇ.

ಮನೆ ಮಾರಿ ಸಮನಾಗಿ ಹಂಚಿಕೊಂಡರು. ಈಗ ಒಂದೇ ಬೀದಿಯ ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು. ಗುಬ್ಬಿ ಶಾಲೆಯ ದಿನಗಳಲ್ಲಿ ಅಮ್ಮನ ಹತ್ತಿರ, ರಜೆಯಲ್ಲಿ ಅಪ್ಪನ ಹತ್ತಿರ. ಹಾಗೆಂದು ನ್ಯಾಯಾಧೀಶರು ಬರೆದರು. ಮಗುವಿನಿಂದ ಹೇಳಿಸಲಿಲ್ಲ.

ಎಲ್ಲ ಸುಖಾಂತವಾಯಿತೆಂದು ಪುಸ್ತಕ ಮುಚ್ಚಬೇಡಿ. ಮೊನ್ನೆ ಅವಳಿಗೆ ಚಪ್ಪಲಿ ಕೊಡಿಸಲು ಕರೆದುಕೊಂಡು ಹೋಗಿದ್ದೆ. ಅಂಗಡಿಯವನು ಕೆಂಪೊಂದು ನೀಲಿಯೊಂದು ಮುಂದಿಟ್ಟು, "ಯಾವುದು ಬೇಕು ಪುಟ್ಟಿ?" ಎಂದ. ಗುಬ್ಬಿ ಅವೆರಡನ್ನೂ ನೋಡಿದಳು. ನನ್ನ ಮುಖ ನೋಡಿದಳು, ಅಂಗಡಿಯವನ ಮುಖ ನೋಡಿದಳು. ಆಮೇಲೆ ನನ್ನ ಸೆರಗು ಜಗ್ಗಿ ಮೆಲ್ಲಗೆ ಕೇಳಿದಳು:

"ಯಾವುದು ಅಂದ್ರೆ ಯಾರೂ ಅಳಲ್ಲ, ಅತ್ತೆ?"