ಮೂರು ಬೆರಳು

“ಅರೇ, ಸಬ್ ಮೇ ಯೆಸ್ ಡಾಲ್ ಔರ್ ಚಲ್,” ಎಲ್ಲದಕ್ಕೂ ಯೆಸ್ ಹಾಕಿ ನಡಿ ಎಂದು ಅಮಿತಾ ಎದ್ದು ನಿಂತಾಗ ಮಾನಸಿ ಇನ್ನೂ ಫಾರ್ಮಿನ ಹನ್ನೊಂದನೆಯ ಪ್ರಶ್ನೆಯಲ್ಲಿದ್ದಳು. ಇಬ್ಬರೂ ನವಿ ಮುಂಬಯಿಯ ಡೆಂಟಲ್ ಕಾಲೇಜೊಂದರಲ್ಲಿ ಕೊನೆಯ ವರ್ಷದವರು. ದೂರದ ರೋಗಿಯನ್ನು ಫೋನಿನಲ್ಲೇ ನೋಡಿ ಸಲಹೆ ಕೊಡುವುದರ ಬಗ್ಗೆ ವಿದ್ಯಾರ್ಥಿಗಳಿಗೆ ಏನು ಗೊತ್ತು, ಏನನ್ನಿಸುತ್ತದೆ ಎಂದು ಊರ್ಮಿಳಾ ಮೇಡಂ ಸಮೀಕ್ಷೆ ಮಾಡುತ್ತಿದ್ದರು. ‘ಒಳ್ಳೆಯ ಫೋಟೋ ಇದ್ದರೆ ರೋಗಿ ಎದುರಿಗೆ ಇರಬೇಕಾಗಿಲ್ಲ.’ ಮಾನಸಿ ‘ಪೂರ್ತಿ ಒಪ್ಪುತ್ತೇನೆ’ ಎಂಬಲ್ಲಿ ಗುರುತು ಹಾಕಿದಳು. ಅಂದು ಬೆಳಿಗ್ಗೆಯಷ್ಟೇ ಅವಳ ಸೋದರಮಾವ ಪ್ರೇಮನಾಥ ತನ್ನ ಬಾಯಿಯ ಫೋಟೋ ಕಳಿಸಿದ್ದ. ಐರೋಲಿಯ ಐಟಿ ಪಾರ್ಕೊಂದರ ಕ್ಯಾಂಟೀನಿನಲ್ಲಿ ಅಡುಗೆಯವನು, ರಜೆ ಸಿಗುವುದಿಲ್ಲ. ಅವಳು ಕೆಳದವಡೆಯ ಹುಳುಕು ಹಲ್ಲನ್ನು ಗುರುತಿಸಿ ನೋವಿನ ಗುಳಿಗೆ ಹೇಳಿದ್ದಳು.

ಫಾರ್ಮು ಕೊಡುವಾಗ ಆ ಫೋಟೋವನ್ನು ಮೇಡಂಗೂ ತೋರಿಸಿದಳು. ಅವರು ಫೋನನ್ನು ಕನ್ನಡಕದ ಹತ್ತಿರ ಹಿಡಿದರು.

“ಹಲ್ಲು ಸರಿ. ಚಮಚ ಯಾಕೆ?” ಎಂದು ಮರಾಠಿಯಲ್ಲಿ ಕೇಳಿದರು.

ಪ್ರೇಮನಾಥ ಸ್ಟೀಲ್ ಚಮಚದ ಹಿಡಿಯಿಂದ ಕೆನ್ನೆ ಸರಿಸಿಕೊಂಡಿದ್ದ. ಮಾನಸಿ ಅದನ್ನು ಕಂಡಿದ್ದಳು. ಬೆಳಕು ಬೀಳಲಿ ಎಂದಿರಬೇಕು ಅಂದುಕೊಂಡಿದ್ದಳು.

“ಬೆರಳು ಒಳಗೆ ಹೋಗುವುದಿಲ್ಲವೋ ಏನೋ. ಕೇಳಿ ನೋಡು,” ಎಂದ ಮೇಡಂ ಅವಳ ಫಾರ್ಮನ್ನು ಉಳಿದವುಗಳ ಮೇಲಿಟ್ಟರು.

ಕಾರಿಡಾರಿನಿಂದ ಅವಳು ವಿಡಿಯೋ ಕಾಲ್ ಮಾಡಿದಳು.

“ಮಾಮಾ, ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಿಗೆ ಹಾಕಿ.”

“ಎಂತ ಮಾರಾಯ್ತಿ, ಇಲ್ಲಿ ಜನ ಉಂಟು.”

“ಪ್ಲೀಸ್, ಮಾಮಾ.”

ಸರಿಯಾಗಿ ತೆರೆಯುವ ಬಾಯಿಗೆ ಮೂರೂ ಹಿಡಿಸಬೇಕು; ಅವನ ಎರಡನೆಯ ಬೆರಳೇ ಹಲ್ಲಿಗೆ ತಾಗಿ ನಿಂತಿತು. ಪ್ರೇಮನಾಥ ನಕ್ಕುಬಿಟ್ಟ.

“ಖಾರ ತಿಂದ್ರೆ ಉರೀತದಾ?”

“ಅದು ಒಂದು ವರ್ಷ ಆಯ್ತು. ನಂದು ಮೊಸರನ್ನ ಮಾತ್ರ. ಸಾಂಬಾರಿನ ರುಚಿ ನನ್ನ ಹೆಲ್ಪರ್ ಅಂಬಾರಾಯ ನೋಡ್ತಾನೆ.”

“ಗುಟ್ಕಾ ಇನ್ನೂ ಉಂಟಾ?”

ಅವನು “ಅಕ್ಕನಿಗೆ ಹೇಳ್ಬೇಡ,” ಎಂದ. ಪರದೆಯಲ್ಲಿ ಕ್ಯಾಂಟೀನಿನ ಛಾವಣಿ ಕಂಡಿತು. ಆಮೇಲೆ ಕಾಲ್ ಕಟ್ಟಾಯಿತು.

ಗುಟ್ಕಾ ಜಗಿಯುವವರಿಗೆ ಬರುವ ಈ ಕಾಯಿಲೆ ಅವಳ ಪುಸ್ತಕದಲ್ಲಿ ನಾಲ್ಕು ಪುಟ ಇತ್ತು. ಕೆನ್ನೆಯೊಳಗೆ ಬಿಗಿಯುವ ನಾರು, ದಿನದಿಂದ ದಿನಕ್ಕೆ ಕಿರಿದಾಗುವ ಬಾಯಿ, ಕೆಲವರಲ್ಲಿ ಮುಂದೆ ಕ್ಯಾನ್ಸರ್. ಪರೀಕ್ಷೆಯಲ್ಲಿ ಚಿತ್ರ ಸಹಿತ ಬರೆದಿದ್ದಳು. ಮತ್ತೆ ಮೂರು ಸಲ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಮಧ್ಯಾಹ್ನದ ಕ್ಲಾಸು ಬಿಟ್ಟು ಠಾಣೆಗೆ ಹೋಗುವ ಲೋಕಲ್ ರೈಲು ಹಿಡಿದು ಐರೋಲಿಯಲ್ಲಿ ಇಳಿದಳು.

“ಫೋನಲ್ಲಿ ನೋಡಿದ್ಯಲ್ಲ, ಮತ್ತೆ ಬಂದದ್ದು ಎಂತಕ್ಕೆ?” ಕ್ಯಾಂಟೀನಿನ ಹಿಂಬಾಗಿಲಲ್ಲಿ ಪ್ರೇಮನಾಥ ಅವಳ ಮುಖ ನೋಡದೆ ಕೇಳಿದ.

“ಮುಟ್ಟಿ ನೋಡ್ಲಿಲ್ಲ, ಮಾಮಾ.”

ಬ್ಯಾಗಿನಿಂದ ಗ್ಲೋವ್ಸ್ ತೆಗೆದು ಹಾಕಿಕೊಂಡಳು. ಅವನು ಬೆಳಕಿನ ಕಡೆ ತಿರುಗಿ ಬಾಯಿ ತೆರೆದ. ಒಳಕೆನ್ನೆಯಲ್ಲಿ, ಮೇಲಿನಿಂದ ಕೆಳಗೆ, ಅವಳ ಬೆರಳಿಗೆ ಬಿಗಿದ ಹುರಿಯಂಥದು ಸಿಕ್ಕಿತು.

“ಇನ್ನೂ ಸ್ವಲ್ಪ ತೆರೀರಿ.”

“ಇಷ್ಟೇ.” ಅವನು ತುಟಿ ಒರೆಸಿಕೊಂಡು ಕೇಳಿದ, “ಪೂರಾ ಮುಚ್ಚಿ ಹೋಗ್ತದಾ?”

“ನಂಗೆ ಗೊತ್ತಿಲ್ಲ. ಮೇಡಂ ನೋಡ್ಬೇಕು. ಈಗ್ಲೇ ಹೋಗುವ. ಅಮ್ಮನಿಗೆ ನೀವೇ ಹೇಳಿ.”

ಒಳಗಿನಿಂದ ಯಾರೋ ಅವನನ್ನು ಕೂಗಿದರು. ಅವನು ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿದ.

ಕಾಲೇಜಿನ ಆಸ್ಪತ್ರೆಯಲ್ಲಿ ಅವನ ಹೆಸರು ಬರೆಸಿ ಮಾನಸಿ ಹಿಂದಿರುಗಿದಾಗ ಅವನು ಬೆಂಚಿನ ಮೇಲೆ ಇರಲಿಲ್ಲ. ಕಾರಿಡಾರಿನ ಕೊನೆಯ ವಾಶ್‌ಬೇಸಿನ್ನಿನಲ್ಲಿ ಬಗ್ಗಿ ಬಾಯಿ ಮುಕ್ಕಳಿಸುತ್ತಿದ್ದ. ನಾಲ್ಕನೆಯ ಸಲ ಉಗಿದ ನೀರಿನಲ್ಲೂ ಗುಟ್ಕಾದ ತಿಳಿಗೆಂಪು ಉಳಿದಿತ್ತು. ಅವನು ನಲ್ಲಿಯನ್ನು ಇನ್ನೂ ಸ್ವಲ್ಪ ತಿರುಗಿಸಿದ.