ದಿಬ್ಬೂರಹಳ್ಳಿ ಮತ್ತೆ ಕೆಂಪಾಗಿದೆ

ಚಿಕ್ಕಬಳ್ಳಾಪುರದ ಮುಖ್ಯ ಕಚೇರಿಯಲ್ಲಿ ಮೋಹನ್‌ಬಾಬು ತಮ್ಮ ಕುರ್ಚಿಗೆ ಎದುರಾಗಿ ಗೋಡೆಯಗಲದ ಪರದೆಯೊಂದನ್ನು ಹಾಕಿಸಿಕೊಂಡಿದ್ದರು. ಮೂರು ಕಡೆ ಅವರ ಚಾಕಿ ಕೇಂದ್ರಗಳಿದ್ದವು. ಮೊಟ್ಟೆಯಿಂದ ಆಗತಾನೇ ಹೊರಬಂದ ರೇಷ್ಮೆ ಹುಳುಗಳನ್ನು ಎರಡನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಏಳುವವರೆಗೆ ಸಾಕಿ ರೈತರಿಗೆ ಕೊಡುವುದು ಅಲ್ಲಿಯ ಕೆಲಸ. ಕೋಣೆಯ ಶಾಖ, ತೇವ ಎರಡನ್ನೂ ಕೇಂದ್ರದ ಕಂಪ್ಯೂಟರ್ ಅಳೆದು ಈ ಪರದೆಗೆ ಕಳಿಸುತ್ತಿತ್ತು. ಸಂಪರ್ಕವಿದ್ದರೆ ಊರಿನ ಹೆಸರು ಹಸಿರು, ತಪ್ಪಿದರೆ ಕೆಂಪು. ನಾಲ್ಕು ವರ್ಷಗಳಿಂದ ಚಾಕಿ ಕೋಣೆಯೊಳಗೆ ಕಾಲಿಡದ ಮೋಹನ್‌ಬಾಬು, ಬಂದವರಿಗೆಲ್ಲ ಪರದೆ ತೋರಿಸಿ ತಾವು ದಿನವಿಡೀ ಹುಳುಗಳ ಜೊತೆಗೇ ಇರುವುದಾಗಿ ಹೇಳುತ್ತಿದ್ದರು.

ಏಪ್ರಿಲ್ ಮೊದಲ ವಾರ ಅವರು ಸನಾಳನ್ನು ಕರೆಸಿದರು. ಸನಾ ಶಿಡ್ಲಘಟ್ಟದವಳು. ಅಪ್ಪ ಬಾಬಾಜಾನ್ ಮೂವತ್ತು ವರ್ಷ ರೇಷ್ಮೆ ಗೂಡಿನಿಂದ ನೂಲು ಬಿಚ್ಚಿದವರು. ಮಗಳು ನೆಟ್‌ವರ್ಕ್ ಕೆಲಸ ಕಲಿತು, ಜಿಲ್ಲೆಯ ಐದಾರು ಕಚೇರಿಗಳ ತಂತಿಗಳನ್ನು ಬಿಚ್ಚಿ ಕಟ್ಟುತ್ತಿದ್ದಳು. ಮೋಹನ್‌ಬಾಬು ಅವರ ಕಚೇರಿ ಅವಳ ಕೈಗೆ ಬಂದು ಎರಡು ತಿಂಗಳಾಗಿತ್ತು. ಅವಳಿಗಿಂತ ಮೊದಲು ಇದನ್ನು ನೋಡಿಕೊಳ್ಳುತ್ತಿದ್ದ ಮನುಷ್ಯ ಒಂದು ದಿನ ಫೋನ್ ಎತ್ತುವುದನ್ನು ನಿಲ್ಲಿಸಿದ್ದ. ಆ ವೇಳೆಗೆ ಕಚೇರಿಯಲ್ಲಿದ್ದವರಿಗೂ ಅದೇ ಆಸೆ ಬಂದಿದ್ದರಿಂದ ಯಾರೂ ಅವನನ್ನು ಬೈದಿರಲಿಲ್ಲ.

ಪರದೆಯ ಮೇಲೆ ಚಿಂತಾಮಣಿ ಕಡೆಯ ಮುರುಗಮಲ್ಲ ಹಸಿರಾಗಿತ್ತು. ಗೌರಿಬಿದನೂರು ಹಸಿರಾಗಿತ್ತು. ದಿಬ್ಬೂರಹಳ್ಳಿ ಕೆಂಪಾಗಿತ್ತು.

"ದಿನಕ್ಕೆ ಎಂಟು ಸಲ, ಹತ್ತು ಸಲ ಹಿಂಗೇ," ಎಂದರು ಮೋಹನ್‌ಬಾಬು. "ಅಲ್ಲಿರೋ ನರಸಿಂಹಪ್ಪ ವೈರ್ ಕಿತ್ತು ಮೊಬೈಲ್ ಚಾರ್ಜಿಗೆ ಹಾಕ್ತಾನೆ, ಇಲ್ಲಾ ಎಲ್ಲಾ ಆಫ್ ಮಾಡಿ ನಿದ್ದೆ ಹೊಡೀತಾನೆ. ನೀನೊಂದ್ಸಲ ಹೋಗಿ ನೋಡಿ ರಿಪೋರ್ಟ್ ಬರ್ಕೊಡಮ್ಮ. ಲೆಟರ್ ಟೈಪ್ ಆಗಿದೆ."

ಕೆಲಸದಿಂದ ತೆಗೆಯುವ ಪತ್ರ ಮೇಜಿನ ಮೇಲೆಯೇ ಇತ್ತು. ತಪ್ಪು ಯಾವುದೆಂದು ಬರೆಯುವ ಜಾಗ ಮಾತ್ರ ಖಾಲಿ. ಅದನ್ನು ತುಂಬಲು ತಾನು ಬೇಕಾಗಿದೆ ಎಂಬುದು ಸನಾಳಿಗೆ ತಿಳಿಯಿತು. ಮುರುಗಮಲ್ಲದಲ್ಲಿ ಯಾಕೆ ಹೀಗಾಗುವುದಿಲ್ಲ ಎಂದು ಕೇಳಿದಳು. ಅಲ್ಲಿರುವುದು ತಮ್ಮ ಬಾಮೈದ ನರೇಂದ್ರ, ಅವನಿಗೆ ಜವಾಬ್ದಾರಿ ಇದೆ ಎಂದು ಮೋಹನ್‌ಬಾಬು ಹೇಳಿದರು. ಜವಾಬ್ದಾರಿಗಾಗಿ ಅವನಿಗೆ ಉತ್ತಮ ಕೇಂದ್ರದ ಫಲಕವನ್ನು ಎರಡು ವರ್ಷ ಕೊಟ್ಟಿದ್ದೂ ಆಗಿತ್ತು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಸನಾ ದಿಬ್ಬೂರಹಳ್ಳಿ ತಲುಪಿದಾಗ ಆರೋಪಿ ಕಂಪ್ಯೂಟರಿನ ಸ್ವಿಚ್ ಆರಿಸುತ್ತಿದ್ದ. ಕಣ್ಣೆದುರೇ ಸಾಕ್ಷಿ. ಆಮೇಲೆ ನೋಡಿದರೆ, ಸ್ವಿಚ್ಚಿನ ಮೇಲೆ ಮುಖ್ಯ ಕಚೇರಿಯ ಮೊಹರು ಒತ್ತಿದ ಸೂಚನೆ ಅಂಟಿಸಿತ್ತು: ಸಂಪರ್ಕ ಚೆನ್ನಾಗಿರಲು ದಿನವೂ ಒಂಬತ್ತಕ್ಕೆ, ಮತ್ತು ಕೆಂಪಾದಾಗಲೆಲ್ಲ, ಕಂಪ್ಯೂಟರ್ ಆರಿಸಿ ಮತ್ತೆ ಹಾಕತಕ್ಕದ್ದು. ನರಸಿಂಹಪ್ಪ ಅರವತ್ತರ ಹತ್ತಿರದ ಮನುಷ್ಯ. ಅದನ್ನು ದೇವರ ದೀಪ ಹಚ್ಚುವಷ್ಟು ಶ್ರದ್ಧೆಯಿಂದ ಪಾಲಿಸುತ್ತಿದ್ದ.

"ಕಾಲು ತೊಳ್ಕೊಂಡು ಬಾಮ್ಮ," ಎಂದಷ್ಟೇ ಹೇಳಿ ಅವಳನ್ನು ಒಳಗೆ ಕರೆದ.

ಕೋಣೆಯಲ್ಲಿ ಸೊಪ್ಪಿನ ಹಸಿ ವಾಸನೆ. ತಟ್ಟೆಗಳಲ್ಲಿ ಹುಳುಗಳು ಎಳ್ಳುಕಾಳಿಗಿಂತ ಸ್ವಲ್ಪ ಉದ್ದ. ಕಿಟಕಿಗೆ ಒದ್ದೆ ಗೋಣಿ. ಸನಾ ಮೂಲೆಯಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆದು, ಕಂಪ್ಯೂಟರಿನ ಮಾತುಕತೆಯನ್ನು ಕದ್ದು ಕೇಳತೊಡಗಿದಳು. ಶಾಖ ಅರ್ಧ ಡಿಗ್ರಿ ಹೆಚ್ಚಾದರೆ ಅಥವಾ ಕಡಿಮೆಯಾದರೆ ಮಾತ್ರ ಸುದ್ದಿ ಕಳಿಸುವಂತೆ ಆ ಪ್ರೋಗ್ರಾಂ ಬರೆದಿದ್ದರು. ನರಸಿಂಹಪ್ಪ ಗೋಣಿ ಒದ್ದೆ ಮಾಡುತ್ತಾ, ಕಿಟಕಿಯ ಪರದೆ ಸರಿಸುತ್ತಾ, ಶಾಖವನ್ನು ಇಪ್ಪತ್ತೇಳರಿಂದ ಕದಲಲು ಬಿಡಲಿಲ್ಲ. ಹಾಗಾಗಿ ಕಂಪ್ಯೂಟರಿಗೆ ಹೇಳಲು ಏನೂ ಇರಲಿಲ್ಲ. ಸುಮ್ಮನಿತ್ತು. ಐದು ನಿಮಿಷ ಕಳೆದದ್ದೇ ಚಿಕ್ಕಬಳ್ಳಾಪುರದ ಫೈರ್‌ವಾಲ್, ಅಂದರೆ ಕಚೇರಿಯ ಸಂಪರ್ಕಗಳನ್ನು ಕಾಯುವ ಪೆಟ್ಟಿಗೆ, ಈ ಸಂಪರ್ಕ ಸತ್ತಿದೆಯೆಂದು ತೀರ್ಮಾನಿಸಿ ಕತ್ತರಿಸಿಹಾಕಿತು. ಕತ್ತರಿಸಿದ್ದನ್ನು ಎರಡೂ ಕಡೆಯವರಲ್ಲಿ ಯಾರಿಗೂ ಹೇಳಲಿಲ್ಲ. ಅರ್ಧ ಗಂಟೆಗೊಮ್ಮೆ ಮುಖ್ಯ ಕಚೇರಿ ಹಾಜರಿ ಕೂಗಿದಾಗ ಉತ್ತರ ಬರಲಿಲ್ಲ. ದಿಬ್ಬೂರಹಳ್ಳಿ ಕೆಂಪಾಯಿತು.

ಎರಡು ನಿಮಿಷದೊಳಗೆ ಕಚೇರಿಯಿಂದ ಫೋನ್ ಬಂತು. ನರಸಿಂಹಪ್ಪ ಬೈಗುಳ ಕೇಳಿಸಿಕೊಂಡು, ಹೂಂ ಸಾರ್ ಎಂದು, ಕಂಪ್ಯೂಟರ್ ಆರಿಸಿ ಹಾಕಿದ. ಹಸಿರಾಯಿತು, ಮುಂದಿನ ಹಾಜರಿಯವರೆಗೆ.

ಇಂಥ ರೋಗಕ್ಕೆ ಔಷಧಿ ಹಳೆಯದು. ಮಾತಿಲ್ಲದಿದ್ದಾಗಲೂ ಆಗಾಗ 'ಇದ್ದೀಯಾ?' ಎಂದು ಕೇಳಿ 'ಇದ್ದೀನಿ' ಎನ್ನಿಸಿಕೊಳ್ಳುವ ಏರ್ಪಾಡು ಎಲ್ಲ ಕಂಪ್ಯೂಟರಿನಲ್ಲೂ ಇರುತ್ತದೆ. ಕೀಪ್‌ಅಲೈವ್ ಎನ್ನುತ್ತಾರೆ. ತಯಾರಕರು ಅದನ್ನು ಎರಡು ಗಂಟೆಗೆ ಇಟ್ಟಿರುತ್ತಾರೆ. ಐದು ನಿಮಿಷಕ್ಕೆ ಕತ್ತು ಕೊಯ್ಯುವ ಪೆಟ್ಟಿಗೆಯ ಮುಂದೆ ಎರಡು ಗಂಟೆಗೊಮ್ಮೆ ಕ್ಷೇಮ ಕೇಳುವ ಸಜ್ಜನಿಕೆ ನಡೆಯುವುದಿಲ್ಲ. ದಿಬ್ಬೂರಹಳ್ಳಿಯದು ಲಿನಕ್ಸ್, ಪುಕ್ಕಟೆ ಸಿಗುತ್ತದೆಂದು ಹಾಕಿಸಿದ್ದು. ಹಳೆಯ ದಾಖಲೆ ನೋಡಿದರೆ, ಫೋನ್ ಎತ್ತದ ಆ ಮನುಷ್ಯ ಇಲ್ಲಿಗೆ ಏಳು ಸಲ ಬಂದು, ಏಳು ಸಲವೂ ಅದನ್ನು ನೂರಿಪ್ಪತ್ತು ಸೆಕೆಂಡಿಗೆ ಇಳಿಸಿದ್ದ. ಸರಿಯಾದ ಅಂಕಿಯೇ. ಆದರೆ ಶಾಶ್ವತವಾಗಿ ಉಳಿಯುವ ಫೈಲಿನಲ್ಲಿ ಬರೆದಿರಲಿಲ್ಲ. ಕಂಪ್ಯೂಟರ್ ಆರಿಸಿದರೆ ಅಂಕಿ ಅಳಿಸಿಹೋಗಿ ಮತ್ತೆ ಎರಡು ಗಂಟೆ. ಅವನು ಮಾಡಿಟ್ಟು ಹೋದ ರಿಪೇರಿಯನ್ನು ಮರುದಿನ ಒಂಬತ್ತಕ್ಕೆ ಕಚೇರಿಯ ಸೂಚನೆ ಅಳಿಸಿಹಾಕುತ್ತಿತ್ತು. ನರಸಿಂಹಪ್ಪ ಸ್ವಲ್ಪ ಸೋಮಾರಿಯಾಗಿದ್ದರೆ, ಕರೆಂಟು ಹೋಗುವವರೆಗಾದರೂ ಅವನ ಊರು ಹಸಿರಾಗಿರುತ್ತಿತ್ತು.

ಸನಾ ಇದನ್ನು ಆದಷ್ಟು ಸುಲಭವಾಗಿ ಹೇಳಿದಳು. ಅವನು ಕೇಳಿಕೊಂಡ. ಆಮೇಲೆ ಸೊಪ್ಪು ಹೆಚ್ಚುವ ಮಣೆಯ ಪಕ್ಕದಿಂದ ಒಂದು ನೋಟ್‌ಬುಕ್ ತಂದು ಕೊಟ್ಟ.

"ಇದ್ನೂ ನೋಡಮ್ಮ," ಎಂದ. "ನನ್ ಲೆಟರ್ ಟೈಪ್ ಆಗೈತೆ ಅಂತ ಗೊತ್ತು. ಮನೇಲಿ ಹೇಳಿಲ್ಲ."

ಒಂದು ತಿಂಗಳ ಲೆಕ್ಕ. ಗೋಡೆಯ ಥರ್ಮಾಮೀಟರ್ ನೋಡಿ ಗಂಟೆಗೊಮ್ಮೆ ಪೆನ್ಸಿಲಿನಲ್ಲಿ ಬರೆದ ಶಾಖ, ತೇವ. ಕಚೇರಿಯ ಫೋನ್ ಬಂದ ಸಮಯಗಳ ಎದುರಿಗೆ ಸಣ್ಣ ಅಡ್ಡಗೆರೆ. ಬೈದದ್ದು ಏನೆಂದು ಎಲ್ಲೂ ಬರೆದಿರಲಿಲ್ಲ. ಸನಾ ಅವನ ಪುಟವನ್ನೂ ಕಂಪ್ಯೂಟರಿನೊಳಗೆ ಉಳಿದಿದ್ದ ಅಳತೆಗಳನ್ನೂ ಒಂದರ ಪಕ್ಕ ಒಂದು ಇಟ್ಟಳು. ಅರ್ಧ ಡಿಗ್ರಿಯೂ ಹೆಚ್ಚುಕಮ್ಮಿ ಇರಲಿಲ್ಲ. ಅವಳಿಗೆ ಸಿಟ್ಟು ಬಂತು. ಇಷ್ಟು ಹೊತ್ತು ಅದೊಂದು ಸಂಪರ್ಕದ ತಕರಾರಷ್ಟೇ ಆಗಿತ್ತು.

ಫೈಲಿನಲ್ಲಿ ಅಂಕಿ ಬರೆದು, ಸೂಚನೆಯ ಕಾಗದವನ್ನು ಕಿತ್ತು ಚೀಲಕ್ಕೆ ಹಾಕಿಕೊಂಡಳು. ನೋಟ್‌ಬುಕ್ಕನ್ನೂ ಕೇಳಿ ತೆಗೆದುಕೊಂಡಳು.

ಗೌರಿಬಿದನೂರಿನದು ಫೋನಿನಲ್ಲೇ ಮುಗಿಯಿತು. ಅಲ್ಲಿಯ ಕಂಪ್ಯೂಟರ್ ಮ್ಯಾಕ್. ಮೋಹನ್‌ಬಾಬು ಅವರ ಮಗಳು ಹರಿತಾ ಹೊಸದು ಕೊಂಡ ಮೇಲೆ ಹಳೆಯದನ್ನು ಹುಳುಗಳಿಗೆ ದಾನ ಮಾಡಿದ್ದಳು. ಅದರ ಪಾಸ್‌ವರ್ಡ್ ಕೇಳುವ ಧೈರ್ಯ ಯಾರಿಗೂ ಬಾರದೆ ಎರಡು ಗಂಟೆ ಎರಡು ಗಂಟೆಯಾಗಿಯೇ ಉಳಿದಿತ್ತು. ಆದರೂ ಹಸಿರಾಗಿತ್ತಲ್ಲ? ಅಲ್ಲಿ ಕೆಲಸಕ್ಕಿದ್ದ ರೂಪಳಿಗೆ ಈ ಗುಟ್ಟು ಹೇಗೋ ಸಿಕ್ಕಿತ್ತು. ಮಾಪಕದ ಮುಂದೆ ಹೋದಾಗ ಬಂದಾಗಲೆಲ್ಲ ಅದರ ಮೇಲೆ ಒಂದು ಸಲ ಬಾಯಿಂದ ಊದುತ್ತಿದ್ದಳಂತೆ. ಶಾಖ ಏರಿ, ಸುದ್ದಿ ಹೋಗಿ, ಸಂಪರ್ಕ ಉಳಿಯುತ್ತಿತ್ತು. ಇದನ್ನು ಕಚೇರಿಗೆ ಯಾಕೆ ತಿಳಿಸಲಿಲ್ಲವೆಂದು ಸನಾ ಕೇಳಿದಳು. ತಿಳಿಸಿದ್ದರೆ ದಿನಕ್ಕೆ ಎಷ್ಟು ಸಲ ಊದಬೇಕೆಂದು ಸುತ್ತೋಲೆ ಬರುತ್ತಿತ್ತು ಎಂದು ರೂಪ ಹೇಳಿದಳು. ಹರಿತಾಳಿಂದ ಪಾಸ್‌ವರ್ಡ್ ಪಡೆದು ಸನಾ ಅದನ್ನೂ ಸರಿ ಮಾಡಿದಳು.

ಮಧ್ಯಾಹ್ನ ಮುರುಗಮಲ್ಲಕ್ಕೆ ಹೋದಳು. ಉತ್ತಮ ಕೇಂದ್ರದ ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಿಂದ ನರೇಂದ್ರ ಬಂದಾಗ ಅವಳು ಆಗಲೇ ತಂತಿ ಚುಚ್ಚಿ ಕುಳಿತಿದ್ದಳು. ಕೋಣೆಯ ಶಾಖ ಮೂವತ್ತೆರಡು. ಇದು ವಿಂಡೋಸ್. ಸಂಪರ್ಕ ಐದು ನಿಮಿಷ ಸುಮ್ಮನಿರುವುದಿರಲಿ, ಒಂದು ಸೆಕೆಂಡೂ ಸುಮ್ಮನಿರಲಿಲ್ಲ. ಸೆಕೆಂಡಿಗೆ ಏಳೆಂಟು ಸಲ 'ಇದ್ದೀಯಾ, ಇದ್ದೀಯಾ' ಎಂದು ಮುಖ್ಯ ಕಚೇರಿಯ ಕಿವಿ ಕೊರೆಯುತ್ತಿತ್ತು.

ಕಾರಣ ಸಿಕ್ಕಾಗ ಅವಳು ನಕ್ಕುಬಿಟ್ಟಳು. ಆ ಮನುಷ್ಯ ಇಲ್ಲಿಯೂ ನೂರಿಪ್ಪತ್ತು ಎಂದೇ ಬರೆದಿದ್ದ. ಲಿನಕ್ಸ್ ಎಣಿಸುವುದು ಸೆಕೆಂಡಿನಲ್ಲಿ. ವಿಂಡೋಸ್ ಎಣಿಸುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ. ಎರಡು ನಿಮಿಷ ಆಗಬೇಕಾದದ್ದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆಯಾಗಿತ್ತು. ಬರೆದದ್ದು ಇಲ್ಲಿ ಅಳಿಸಿಹೋಗುವುದೂ ಇಲ್ಲ. ಒಂದು ತಪ್ಪು ಅಂಕಿಗೆ ಎರಡು ಫಲಕ ಬಂದಿದ್ದವು.

"ನಮ್ಮದ್ರಾಗೆ ಪ್ರಾಬ್ಲಮ್ಮೇ ಇಲ್ಲಕ್ಕಾ, ಚೂಡು, ಫುಲ್ ಗ್ರೀನು," ಎಂದು ನರೇಂದ್ರ ಅರ್ಧ ತೆಲುಗಿನಲ್ಲಿ ಹೇಳಿ ಕಂಪ್ಯೂಟರಿನತ್ತ ಕೈ ತೋರಿಸಿದ.

ಹುಳುಗಳು ಹೇಗಿವೆ ಎಂದು ಸನಾ ಕೇಳಿದಳು. ಅದನ್ನೂ ಪರದೆಯಲ್ಲೇ ನೋಡಬಹುದೆಂದು ಅವನು ಹೇಳಿದ. ಅವಳು ಅಂಕಿಯ ಮುಂದೆ ಮೂರು ಸೊನ್ನೆ ಸೇರಿಸಿ, ಕಂಪ್ಯೂಟರನ್ನು ಒಂದು ಸಲ ಆರಿಸಿ ಹಾಕಿ, ಕಿಟಕಿಯ ಒಣಗಿದ ಗೋಣಿಯ ಮೇಲೆ ತಾನೇ ಎರಡು ಚೊಂಬು ನೀರು ಹಾಕಿ ಬಸ್ ಹತ್ತಿದಳು.

ಮಾರನೆಯ ದಿನ ಮೋಹನ್‌ಬಾಬು ವರದಿಯನ್ನು ಎರಡು ಸಲ ಓದಿದರು. ಪರದೆಯ ಮೇಲೆ ಮೂರೂ ಊರು ಹಸಿರಾಗಿದ್ದುದು ಅವರಿಗೆ ಅಷ್ಟಾಗಿ ಸಂತೋಷ ಕೊಟ್ಟಂತೆ ಕಾಣಲಿಲ್ಲ.

"ಸರಿನಮ್ಮ, ರಿಪೇರಿ ಆಯ್ತು. ತಪ್ಪು ಯಾರ್ದು ಅನ್ನೋದನ್ನ ಬರ್ದೇ ಇಲ್ವಲ್ಲ?"

ಸನಾ ಬಸ್ಸಿನಲ್ಲಿ ಇದೊಂದನ್ನೇ ಯೋಚಿಸುತ್ತಾ ಬಂದಿದ್ದಳು. ಫೋನ್ ಎತ್ತದ ಮನುಷ್ಯನ ಹೆಸರು ಹೇಳಿದರೆ ಎಲ್ಲರಿಗೂ ಸುಲಭವಾಗುತ್ತಿತ್ತು. ಅವಳ ಕೆಲಸವೂ ಉಳಿಯುತ್ತಿತ್ತು. ಅವಳು ಸೂಚನೆಯ ಕಾಗದವನ್ನು ಮೇಜಿನ ಮೇಲಿಟ್ಟಳು, ಅದರ ಪಕ್ಕದಲ್ಲಿ ಫೈರ್‌ವಾಲ್ ಹಾಕಿಸುವಾಗ ಕಚೇರಿ ಬರೆದುಕೊಟ್ಟಿದ್ದ ಹಳೆಯ ಕೋರಿಕೆಯ ಪ್ರತಿ. 'ಸುಮ್ಮನೆ ಕೂತಿರುವ ಸಂಪರ್ಕಗಳನ್ನು ಐದು ನಿಮಿಷಕ್ಕೆ ತೆಗೆದುಹಾಕಿ. ಕೆಲಸವಿಲ್ಲದವರನ್ನು ಯಾಕೆ ಇಟ್ಟುಕೊಳ್ಳಬೇಕು?' ಎಂದು ಅದರಲ್ಲಿತ್ತು. ಎರಡರ ಕೆಳಗೂ ಮೋಹನ್‌ಬಾಬು ಅವರ ಸಹಿ.

"ತಪ್ಪು ಇವೆರಡ್ರದ್ದು ಸಾರ್. ನರಸಿಂಹಪ್ಪನವರು ನೀವು ಹೇಳಿದ್ದನ್ನ ಮಾಡಿದಾರೆ, ಅಷ್ಟೇ." ಆಮೇಲೆ ನೋಟ್‌ಬುಕ್ ತೆರೆದಿಟ್ಟಳು. "ಅವರ ಕೋಣೆ ಒಂದು ತಿಂಗಳು ಇಪ್ಪತ್ತೇಳು ದಾಟಿಲ್ಲ. ಮುರುಗಮಲ್ಲದಲ್ಲಿ ನಿನ್ನೆ ಮೂವತ್ತೆರಡಿತ್ತು. ಅದೂ ನಿಮ್ಮ ಪರದೆ ಮೇಲೆ ಬಂದಿತ್ತು, ಹಸಿರು ಬಣ್ಣದ ಕೆಳಗೆ. ಯಾರೂ ಓದಿಲ್ಲ."

ಮೋಹನ್‌ಬಾಬು ತುಂಬ ಹೊತ್ತು ನೋಟ್‌ಬುಕ್ಕಿನ ಪುಟ ತಿರುವಿದರು. ಬೈಯಲಿಲ್ಲ. ಟೈಪಾದ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಡ್ರಾಯರಿಗೆ ಹಾಕಿದರು. ಹರಿದುಹಾಕಲು ಇನ್ನೂ ಮನಸ್ಸು ಬಂದಿರಲಿಲ್ಲ. ನಂತರ ತಾವೇ ದಿಬ್ಬೂರಹಳ್ಳಿಗೆ ಫೋನ್ ಮಾಡಿ, ತಾಂತ್ರಿಕ ದೋಷವೊಂದನ್ನು ಮುಖ್ಯ ಕಚೇರಿ ಪತ್ತೆ ಹಚ್ಚಿದೆ, ಇನ್ನು ಹೆದರಬೇಕಾಗಿಲ್ಲ ಎಂದು ದೊಡ್ಡ ಮನಸ್ಸಿನಿಂದ ಹೇಳಿದರು.



"ಹಂಗಾದ್ರೆ ಸಾರ್," ಎಂದ ಆ ಕಡೆಯಿಂದ ನರಸಿಂಹಪ್ಪ, "ಒಂಬತ್ತು ಗಂಟೆಗೆ ಆಫ್ ಮಾಡೋದು ಬ್ಯಾಡ್ವಾ?"

ಬೇಡ ಎಂದರು ಮೋಹನ್‌ಬಾಬು. ಹಾಗಿದ್ದರೆ ಅದನ್ನೂ ಬರೆದು, ಮೊಹರು ಒತ್ತಿ ಕಳಿಸಬೇಕೆಂದು ನರಸಿಂಹಪ್ಪ ಕೇಳಿದ. ಅವನು ಫೋನಿನಲ್ಲಿ ಎದುರು ಮಾತಾಡಿದ್ದು ಅದೇ ಮೊದಲು.

ಮುರುಗಮಲ್ಲದ ಆ ಸಲದ ಹುಳುಗಳಲ್ಲಿ ಕಾಲು ಭಾಗ ಜ್ವರದಿಂದ ಏಳಲಿಲ್ಲ. ರೈತರು ಚಿಕ್ಕಬಳ್ಳಾಪುರಕ್ಕೇ ಬಂದು ಕೇಳಿದ ಮೇಲೆ ನರೇಂದ್ರನನ್ನು ಅಲ್ಲಿಂದ ತೆಗೆಯಲೇಬೇಕಾಯಿತು. ಎರಡು ವರ್ಷ ಸಂಪರ್ಕ ತಪ್ಪದೆ ಕಾಪಾಡಿದ ಅನುಭವವಿರುವುದರಿಂದ ಅವನನ್ನು ಮುಖ್ಯ ಕಚೇರಿಗೆ ತಂದು ನೆಟ್‌ವರ್ಕ್ ಮೇಲ್ವಿಚಾರಕನನ್ನಾಗಿ ಮಾಡಿದರು. ಸನಾಳ ಗುತ್ತಿಗೆಯನ್ನು ಮುಂದುವರಿಸಲಿಲ್ಲ.

ಅವಳಿಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ವಾರವಿಡೀ ಅಪ್ಪನ ಮೇಲೆ ವಿನಾಕಾರಣ ರೇಗಿದಳು. ಶನಿವಾರ ನೋಟ್‌ಬುಕ್ ಹಿಂದಿರುಗಿಸಲು ದಿಬ್ಬೂರಹಳ್ಳಿಗೆ ಹೋದಾಗ ಹುಳು ಕೊಡುವ ದಿನವಾಗಿತ್ತು. ಹೊರಗೆ ರೈತರ ಸ್ಕೂಟರುಗಳು, ಗಾಡಿಗಳು ಸಾಲಾಗಿ ನಿಂತಿದ್ದವು. ನರಸಿಂಹಪ್ಪ ಪುಟಗಳ ಮೇಲೆ ಒಮ್ಮೆ ಕೈಯಾಡಿಸಿ, ಇದನ್ನು ನೀನೇ ಇಟ್ಟುಕೋ, ಮುಂದೆ ಎಲ್ಲಾದರೂ ಬೇಕಾಗಬಹುದು ಎಂದ. ಅವಳು ಬೇಡವೆನ್ನಲಿಲ್ಲ. ಕೈಕಾಲು ತೊಳೆದುಕೊಂಡು ಒಳಗೆ ಹೋಗಿ, ತಟ್ಟೆಗಳನ್ನು ಹೊರಗೆ ದಾಟಿಸಲು ನಿಂತಳು.