ಉದ್ದ ಹೆಸರಿಗೆ ಬೀಳುವ ಸರ್ವರ್

ಫಯಾವ್ ಕೆರೆಯಾಚೆಯ ಹಳ್ಳಿಯಲ್ಲಿ ಆರೋಗ್ಯ ಕೇಂದ್ರದ ವೆಬ್‌ಸೈಟ್ ಅವತ್ತೂ ಕೈಕೊಟ್ಟಿತು. ಯಾರಿಗೆ ಯಾವ ಔಷಧಿ ಕೊಡಬೇಕು, ಯಾವುದನ್ನು ಕೊಡಲೇಬಾರದು ಎಂಬುದೆಲ್ಲ ಅದರಲ್ಲೇ ಇತ್ತು. ಚೀಟಿ ಬರೆಯುವ ರಂಪಾಯ್, ಥೋಂಗ್‌ಸುಕ್ ರುಂಗ್‌ಚರೂನ್‌ಸುಕ್‌ವತ್ತನಕುಲ್ ಎಂದು ಮಾತ್ರೆಗೆ ಬಂದಿದ್ದ ಅಜ್ಜನ ಪೂರ್ತಿ ಹೆಸರು ಹಾಕಿದ್ದೇ ತಡ, ಪರದೆ ಬಿಳಿಚಿಕೊಂಡಿತು.

"ಏಡಿ ಅಂತ ಅಡ್ಡಹೆಸರೇ ಬರ್ಕೊಳ್ಳಮ್ಮ," ಎಂದ ಅಜ್ಜ. "ನನ್ ಹೆಂಡ್ತಿಗೇ ಪೂರ್ತಿ ಹೆಸರು ನೆನಪಿಲ್ಲ."

ಅಡ್ಡಹೆಸರಿಲ್ಲದವರು ಆ ಹಳ್ಳಿಯಲ್ಲಿ ಯಾರಿದ್ದಾರೆ? ಪೂರ್ತಿ ಹೆಸರಿಗೆ ಸೈಟ್ ಬಿದ್ದವರನ್ನೆಲ್ಲ ಅಡ್ಡಹೆಸರಲ್ಲೇ ಬರೆದುಕೊಂಡು ರಂಪಾಯ್ ಮೂರು ತಿಂಗಳು ದೂಡಿದ್ದಳು. ಆದರೂ ಸೈಟ್ ಬಿದ್ದಾಗಲೆಲ್ಲ ಯಾವ ಹೆಸರಿಗೆ, ಎಷ್ಟು ಗಂಟೆಗೆ ಎಂದು ಕ್ಯಾಲೆಂಡರಿನ ಬೆನ್ನಲ್ಲಿ ಗುರುತು ಹಾಕಿಡುತ್ತಿದ್ದಳು.

ಜಿಲ್ಲೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಪಿತ್ಸಮಾಯ್ ಅವತ್ತೇ ಪ್ರಿಂಟರ್ ರಿಪೇರಿಗೆಂದು ಬಂದವಳು ಆ ಹಾಳೆ ನೋಡಿ ಅಲ್ಲೇ ಕೂತಳು. "ಅಕ್ಕಾ, ಇದನ್ನ ಯಾಕೆ ಹೇಳ್ಲಿಲ್ಲ?"

"ಹೇಳೋದೇನಿದೆ? ಅಡ್ಡಹೆಸರು ಹಾಕಿದ್ರೆ ಓಡುತ್ತಲ್ಲ. ನಿಂಗೆ ಹೇಳಿದ್ರೆ ಅರ್ಧ ದಿನ ಸೈಟ್ ಮುಚ್ತೀಯ!"

ಪಿತ್ಸಮಾಯ್ ಅಜ್ಜನ ಮಾತ್ರೆ ಡಬ್ಬಿ ತೆರೆದಳು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಗೂಡು. "ಬೆಳಗಿನ ಗೂಡಿಗೆ ಅಳತೆ ನೋಡ್ದೆ ಸುರಿದ್ರೆ?"

"ಪಕ್ಕದ ಗೂಡಿಗೆ ಉರುಳುತ್ವೆ," ಎಂದಳು ರಂಪಾಯ್.

"ಅಲ್ಲಿ ಏನಿರುತ್ತೋ ಅದನ್ನೇ ನುಂಗ್ತೀನಿ ನಾನು," ಎಂದ ಅಜ್ಜ.

"ಈ ಸೈಟ್ ನಡೆಸೋ ಸರ್ವರ್ ಕೂಡ ಹಾಗೇ ಅಜ್ಜ. ಹೆಸರಿಗೆ ಇಷ್ಟೇ ಜಾಗ ಅಂತ ಇಟ್ಕೊಂಡಿದೆ, ಬರೋದನ್ನ ಅಳೆಯಲ್ಲ. ಹೆಚ್ಚಾದದ್ದು ಪಕ್ಕಕ್ಕೆ ಚೆಲ್ಲಿ, ಮುಂದೇನು ಮಾಡ್ಬೇಕು ಅಂತ ಗುರುತಿಟ್ಟ ಜಾಗಾನೇ ಕೆಡಿಸುತ್ತೆ. ನಿಮ್ಮ ಹೆಸರು ಚೆಲ್ಲಿದ್ರೆ ಬರೀ ಬೀಳುತ್ತೆ. ಸೈಟಿಗೆ ನುಗ್ಗೋ ಕಳ್ಳ ಬೇಕಂತಲೇ ಅಳೆದು ಚೆಲ್ಲಿದ್ರೆ ಅವನು ಹೇಳಿದ್ದನ್ನ ಮಾಡುತ್ತೆ. ಔಷಧಿ ಪಟ್ಟಿ ತಿದ್ದು ಅಂದ್ರೂ ತಿದ್ದುತ್ತೆ."

ಈ ಅಜ್ಜನಿಗೆ ಪೆನಿಸಿಲಿನ್ ಆಗದು ಎಂಬ ಸಾಲನ್ನು ಆ ಪಟ್ಟಿಗೆ ಹಾಕಿದವಳು ರಂಪಾಯ್. ಅವಳ ದನಿ ಇಳಿಯಿತು. "ಇದಕ್ಕೇನು ಮದ್ದು?"

"ಸರ್ವರ್ ಮಾಡಿದವರು ಇದನ್ನ ಸರಿಮಾಡೋ ತಿದ್ದುಪಡಿ ಕೊಟ್ಟು ತಿಂಗಳಾಯ್ತು. ಹಾಕ್ದೇ ಇದ್ದದ್ದು ನನ್ನ ತಪ್ಪು. ಎಲ್ಲಿ ಚೆಲ್ತಿದೆ ಅಂತ ಹಿಡಿದವಳು ನೀನು. ನಮ್ಮ ಆಫೀಸಲ್ಲಿ ಒಬ್ಬರಿಗೂ ಈ ಕಣ್ಣಿಲ್ಲ ಅಕ್ಕಾ."

ರಂಪಾಯ್ ಬಾಗಿಲಿಗೆ 'ಮಧ್ಯಾಹ್ನದವರೆಗೆ ಕಾಗದದ ಚೀಟಿ' ಎಂದು ಬರೆದು ಅಂಟಿಸಿದಳು. ಪಿತ್ಸಮಾಯ್ ಪಟ್ಟಿಯ ನಕಲು ತೆಗೆದಿಟ್ಟು ತಿದ್ದುಪಡಿ ಹಾಕಿದಳು. ಆಮೇಲೆ ಹೆಸರಿನ ಜಾಗಕ್ಕೆ ಇನ್ನೂರು ಅಕ್ಷರ ಸುರಿದು ನೋಡಿದಳು. 'ಇಷ್ಟು ಉದ್ದ ಆಗದು' ಎಂದಿತು ಸರ್ವರ್. ಬೀಳಲಿಲ್ಲ.

ನಿಮ್ಮೂರಿನ ಆಸ್ಪತ್ರೆಯದೋ ಸಂಘದ್ದೋ ಸೈಟ್ ಒಂದೇ ಕಡೆ ಮತ್ತೆ ಮತ್ತೆ ಬೀಳುತ್ತಿದೆಯೇ? ಅಡ್ಡದಾರಿ ಹುಡುಕಿ ಸುಮ್ಮನಾಗಬೇಡಿ. ಏನು ಒತ್ತಿದಾಗ ಬಿತ್ತು, ಯಾವಾಗ ಬಿತ್ತು ಎಂದು ಬರೆದು, ಸೈಟ್ ನೋಡಿಕೊಳ್ಳುವವರ ಕೈಗೆ ಕೊಡಿ. "ಹೊಸ ತಿದ್ದುಪಡಿ ಹಾಕಿದ್ದೀರಾ?" ಎಂದು ಕೇಳಿ. ಹಾಕಿದೆವು ಎನ್ನುವವರೆಗೆ ಅವರ ಮೇಜಿನ ಮುಂದಿನಿಂದ ಏಳಬೇಡಿ.